ಊಹೂಂ ಅಂದ ನೀಲವ್ವ

ಐವತ್ತು ವರ್ಷಗಳಾಚೆಯ ಊರು ಹೇಗಿರಬೇಕೆಂದು ಕೇಳಿದರೆ ಯಾರು ಏನು ಹೇಳುತ್ತಾರೆಂಬುದು ಟ್ಯಾಬಿಗೆ ಮೊದಲೇ ಗೊತ್ತಿರುತ್ತಿತ್ತು. ಅದನ್ನು ಓದಿ ಹೇಳಿ, ಮನೆಯವರಿಂದ ಹೂಂ ಅನ್ನಿಸಿಕೊಂಡು ಬರುವುದಷ್ಟೇ ಸಮೀಕ್ಷೆಯ ಶಾಂಭವಿಯ ಕೆಲಸ. ಹತ್ತು ವರ್ಷಗಳಲ್ಲಿ ಒಬ್ಬರೂ ಊಹೂಂ ಅಂದಿರಲಿಲ್ಲ.

ಕೊನೆಯ ಓಣಿಯ ಕೊನೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನೀಲವ್ವನ ಎದುರು ಕೂತು ಶಾಂಭವಿ ಅವಳ ಉತ್ತರ ಓದಿದಳು: "ಈ ಓಣಿ ಕೆಡವಿ ಕೆರೆ ಮಾಡಲು ನಾನು ಸಂತೋಷದಿಂದ ಒಪ್ಪಿದ್ದೇನೆ."

"ನಾನಾ? ಯಾವಾಗ ಒಪ್ಪೀನ್ರಿ?"

"ಇನ್ನೂ ಒಪ್ಪಿಲ್ರಿ. ಈಗ ಒಪ್ಪತೀರಿ."

"ನನ್ನ ಬಾಯಿ ನನ್ನ ಹತ್ರನ ಐತಲ್ಲ, ಅಕ್ಕಾರ. ಒಪ್ಪಂಗಿಲ್ಲ ಅಂತ ಬರಕೋರಿ."

ಶಾಂಭವಿ 'ಒಪ್ಪಲಿಲ್ಲ' ಎಂಬ ಗುಂಡಿ ಹುಡುಕಿದಳು. ಟ್ಯಾಬಿನಲ್ಲಿ ಇದ್ದದ್ದು ಎರಡೇ ಗುಂಡಿ: 'ಒಪ್ಪಿದರು', 'ಮನೆಯಲ್ಲಿ ಯಾರೂ ಇಲ್ಲ'. ಯಾವುದನ್ನು ಒತ್ತಿದರೂ ಓಣಿ ಹೋದಂತೆಯೇ. ತಾನೇ ತಪ್ಪು ಓದಿದೆನೇನೋ ಎಂದು ಇನ್ನೊಮ್ಮೆ ಓದಿದಳು.

"ಎಷ್ಟು ಸಲ ಓದಿದ್ರೂ ಅಷ್ಟರಿ," ಎಂದು ನೀಲವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ನೀವು ಹೋಗ್ರಿ. ನನ್ನ ಸಲುವಾಗಿ ನಿಮ್ಮ ನೌಕರಿ ಹೋದೀತು."

ಸಮೀಕ್ಷೆಯವರು ಕೊನೆಯ ಮನೆಯಿಂದ ಹೊರಬೀಳುವ ತನಕ ಊರಿನ ಹೊಸ ನಕ್ಷೆ ಅಂತಿಮವಾಗುವಂತಿಲ್ಲ. ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದ ಈ ನಿಯಮ ಶಾಂಭವಿಗೆ ನೆನಪಾಗುವುದಕ್ಕೂ ಟ್ಯಾಬು ಮಿನುಗಿ 'ಹೊರಟಿರಾ?' ಎಂದು ಕೇಳುವುದಕ್ಕೂ ಸರಿಹೋಯಿತು.

ಅವಳು 'ಇಲ್ಲ' ಒತ್ತಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಹಿಟ್ಟು ಈ ಕಡೆ ತಳ್ಳ್ರಿ ನೀಲವ್ವ. ನನಗೂ ಬಡಿಯಾಕ ಬರತೈತಿ," ಅಂದಳು.