ಯಾವ ಊರು?

“ಅಪ್ಪ ಕೆಲಸದ ಮೇಲೆ ಒಂದೂರಿಗೆ ಹೋಗ್ತಿದಾರೆ ಕಣೇ, ಸ್ವಲ್ಪ ದಿನ ಅಷ್ಟೇ,” ಎಂದು ಅಮ್ಮ ಹೇಳಿದ ಕೂಡಲೇ ಮಗಳು ಓದುತ್ತಿದ್ದ ಕಥೆಪುಸ್ತಕವನ್ನು ಮುಚ್ಚಿದಳು. ಅಪ್ಪ ಸೂಟ್‌ಕೇಸಿಗೆ ಅಂಗಿ ತುಂಬುತ್ತಿದ್ದ. ಫೋಟೋ ತೆಗೆಯುವವನು ಎದುರಿಗೆ ನಿಂತಿದ್ದಾನೇನೋ ಎಂಬಂತೆ ಇಬ್ಬರೂ ಒಂದೇ ಸಮನೆ ನಗುತ್ತಿದ್ದರು.

“ಯಾವ ಊರು?”

“ಅದೇ... ಒಂದೂರು,” ಎಂದ ಅಪ್ಪ.

ಮನೆಯವರು ಲಾಯರಮ್ಮ ಎಂದು ಕರೆಯುವ ಈ ಎಂಟು ವರ್ಷದವಳಿಗೆ ‘ಒಂದಾನೊಂದು ಊರಿನಲ್ಲಿ’ ಎಂದು ಶುರುವಾಗುವ ಪುಸ್ತಕಗಳ ಮೇಲೆ ಮೊದಲಿನಿಂದಲೂ ಗುಮಾನಿ. ಮಾತಾಡುವ ನರಿಯನ್ನಾದರೂ ನಂಬಬಹುದು, ಊರಿನ ಹೆಸರು ನುಂಗುವವರನ್ನು ನಂಬಬಾರದು ಎಂಬುದು ಅವಳ ವಿಮರ್ಶೆ. ಊರೇ ಗೊತ್ತಿಲ್ಲದವರಿಗೆ ರಾಣಿ ಕದ ಹಾಕಿಕೊಂಡು ಅತ್ತದ್ದು ಹೇಗೆ ಗೊತ್ತಾಯಿತು?

“ಬಸ್ಸಾ, ರೈಲಾ?”

“ಬಸ್ಸು,” ಎಂದ ಅಪ್ಪ. “ರೈಲು,” ಎಂದಳು ಅಮ್ಮ, ಅದೇ ಗಳಿಗೆಗೆ.

“ಮತ್ತೆ ದಿಂಬು ಯಾಕೆ?”

“ತಲೆ ತಿನ್ಬೇಡ್ವೇ!” ಎಂದಳು ಅಮ್ಮ.

ಅಪ್ಪ ದಿಂಬನ್ನು ಒತ್ತಿ ಒತ್ತಿ ತುರುಕಲು ನೋಡಿ, ಸೋತು, ಮಂಚದ ಅಂಚಿಗೆ ಕೂತ. “ಹಿಂದಿನ ಬೀದಿ, ಪುಟ್ಟಾ. ಹಿಟ್ಟಿನ ಗಿರಣಿ ಮೇಲೊಂದು ರೂಮು. ಕಿಟಕಿಗೆ ಗಾಜಿಲ್ಲ, ರಟ್ಟು ಬಡಿದಿದೀನಿ. ನಾನೂ ಅಮ್ಮನೂ ಇನ್ಮೇಲೆ ಬೇರೆ ಬೇರೆ ಇರ್ತೀವಿ.”

ಲಾಯರಮ್ಮ ಬಾಯಿ ತೆರೆದಳು. ಕೇಳಲು ಏನೂ ಉಳಿದಿರಲಿಲ್ಲ. ಗಿರಣಿ, ರಟ್ಟು, ಇಂಥದ್ದನ್ನೆಲ್ಲ ಯಾರೂ ಕಟ್ಟಿ ಹೇಳುವುದಿಲ್ಲ. ಅವಳಿಗೆ ಪೂರ್ತಿ ನಂಬಿಕೆ ಬಂತು. ಎದ್ದುಹೋಗಿ, ಸೂಟ್‌ಕೇಸಿನಿಂದ ಅಂಗಿಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು.