ಭಂಡಾರ ಮುಟ್ಟದವನು

ಸಂಘದ ಒಳಗಿನ ಸಂಗತಿಯನ್ನು ಹೊರಗೆ ಹೇಳಬಾರದೆಂದು ಗೊತ್ತಿದೆ. ಅದರಲ್ಲೂ ಇದು ದೇವರ ವಿಷಯ. ಹೇಳುವಷ್ಟು ಯೋಗ್ಯತೆ ನನಗಿದೆಯೋ ಇಲ್ಲವೋ. ಯಾರ ಮನಸ್ಸಾದರೂ ನೊಂದರೆ ಕ್ಷಮಿಸಬೇಕು.

ಭಂಡಾರದ ತಟ್ಟೆ ಕೈಯಿಂದ ಕೈಗೆ ಬರುತ್ತಿತ್ತು.

ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮುಷ್ಕರ ಶುರುವಾಗಿ ಇಪ್ಪತ್ತೆರಡು ದಿನ. ಮುಂದಾಳುಗಳ ಗುಟ್ಟಿನ ಪಟ್ಟಿ ಮಾಲೀಕರ ಕೈಸೇರಿ ಒಂಬತ್ತು ಜನರ ಕೆಲಸ ಹೋಗಿತ್ತು. ಪಟ್ಟಿ ಗೊತ್ತಿದ್ದದ್ದು ಸಂಘದ ಸಮಿತಿಯ ಆರು ಜನರಿಗೆ ಮಾತ್ರ; ಕೊಟ್ಟವನು ಅವರಲ್ಲೇ ಒಬ್ಬ. ಅವನು ಸಿಗದಿದ್ದರೆ ಮುಷ್ಕರ ಉಳಿಯುವುದಿಲ್ಲ. ಅದಕ್ಕೇ ಹಿರಿಯ ಕೆಲಸಗಾರ ಭರಮಪ್ಪ ಬೀರದೇವರ ಗುಡಿಯ ಭಂಡಾರವನ್ನು, ಅಂದರೆ ಪೂಜೆಯ ಅರಿಸಿನವನ್ನು, ಪೀರನವಾಡಿಯ ಸಂಘದ ಕೋಣೆಗೆ ತಂದಿದ್ದ. ಆರೂ ಜನ ಅದನ್ನು ಮುಟ್ಟಿ, ‘ನಾನಲ್ಲ’ ಎಂದು ಆಣೆ ಮಾಡಬೇಕು.

ಕಾರ್ಯದರ್ಶಿ ಮಾರ್ತಾಂಡ ತಡೆದ. “ಆಣಿ ಪ್ರಮಾಣ ನಡಿಯಂಗಿಲ್ಲ ಭರಮಪ್ಪಣ್ಣ. ನಾವು ಕಮ್ಯುನಿಸ್ಟರು.”

“ನೀವ್ ಆಗಿರ್ರಿ ಸಾಹೇಬ್ರ. ನಾವು ಬೀರಪ್ಪನ ಒಕ್ಕಲು. ಅರಿಷಿಣ ಏನ್ ಕಡಿಯಂಗಿಲ್ಲ, ಮುಟ್ರಿ.”

ಯಾರೋ ನಕ್ಕರು. ಮಾರ್ತಾಂಡ ಮುಟ್ಟಿದ. ನಂಬಿಕೆಯಿಂದಲ್ಲ, ಜನ ಕೈಬಿಟ್ಟಾರೆಂಬ ಅಂಜಿಕೆಯಿಂದ. ಉಳಿದವರೂ ಮುಟ್ಟಿದರು.

ಕೊನೆಯವನು ಖಾನಾಪುರದ ರಾಮಲಿಂಗ. ತಟ್ಟೆ ಹತ್ತಿರ ಬಂದೊಡನೆ ಕಾಲಿನ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಕೈಗಳು ಬೆನ್ನ ಹಿಂದೆ ಹೋದವು.

“ನನ್ನ ಮನಸ್ಸು ಒಪ್ಪಂಗಿಲ್ರಿ.”

“ಅಂದ್ರ ನೀನ ಅದೀ!” ಭರಮಪ್ಪ ಎದ್ದು ನಿಂತ. “ಇಂವನ್ನ ಹೊರಗ ಹಾಕ್ರಿ!”

ಮಾರ್ತಾಂಡನಿಗೆ ತನ್ನ ಬೆರಳಿನ ಹಳದಿ ನೋಡಿ ನಾಚಿಕೆಯಾಯಿತು. ಹನ್ನೆರಡು ವರ್ಷ ತಾನು ಬೋಧಿಸಿದ್ದನ್ನು ಇವನೊಬ್ಬ ನಡೆಸಿ ತೋರಿಸಿದ್ದ.

“ನಮ್ಮೊಳಗ ಖರೇ ಕಾಮ್ರೇಡ್ ಇಂವ ಒಬ್ಬನ. ಇಂವನ್ನ ತಗದ್ರ ನಾನೂ ಹೊಕ್ಕೇನಿ.”

ರಾಮಲಿಂಗ ತಲೆ ತಗ್ಗಿಸಿದ. ವಿನಯ ಎಂದುಕೊಂಡ ಮಾರ್ತಾಂಡ.

“ಹಂಗಾದ್ರ ನಿಮ್ಮ ಕಾಮ್ರೇಡನ್ನ ನೀವ ಇಟಗೋರಿ,” ಎಂದು ಭರಮಪ್ಪ ತಟ್ಟೆ ಎತ್ತಿಕೊಂಡು ಹೊರಟ. ಅವನ ಹಿಂದೆ ಅವನ ಜನ. ವಾರದೊಳಗೆ ಅವರೆಲ್ಲ ಕೆಲಸಕ್ಕೆ ಮರಳಿದರು. ಮುಷ್ಕರ ಮುರಿಯಿತು. ಆ ಒಂಬತ್ತು ಜನ ಹೊರಗೇ ಉಳಿದರು.

ಎಲ್ಲ ಹೋದರೂ ಒಬ್ಬ ಪ್ರಾಮಾಣಿಕ ಉಳಿದನಲ್ಲ ಎಂಬ ಸಮಾಧಾನ ಮಾರ್ತಾಂಡನಿಗೆ. ಆದ ಅವಮಾನಕ್ಕೆ ಮಾಫಿ ಕೇಳಲು ಖಾನಾಪುರದ ಬಸ್ಸು ಹತ್ತಿದ. ರಾಮಲಿಂಗ ಅಂಗಳದಲ್ಲಿ ಕುರಿಗೆ ಸೊಪ್ಪು ಹಾಕುತ್ತಿದ್ದ.

“ನಿನ್ನಷ್ಟು ಗಟ್ಟಿ ನಾ ಆಗ್ಲಿಲ್ಲ, ರಾಮಲಿಂಗ. ನಾ ಮುಟ್ಟಿಬಿಟ್ಟೆ.”

ರಾಮಲಿಂಗನ ಕೈಯ ಸೊಪ್ಪು ಕೆಳಗೆ ಬಿತ್ತು.

“ಹಂಗ ಅನಬ್ಯಾಡ್ರಿ ಸಾಹೇಬ್ರ. ಕೆಂಪು ಬಾವುಟ ಮುಟ್ಟು ಅಂದಿದ್ರ ಮುಟ್ಟತಿದ್ದೆ. ನಿಮ್ಮ ಮುಂದ ಸುಳ್ಳ ಹೇಳಬಹುದು. ಬೀರಪ್ಪನ ಮುಂದ ಹೆಂಗ ಹೇಳ್ಲಿ?”

ಮಾರ್ತಾಂಡ ಇದನ್ನು ಭರಮಪ್ಪನಿಗೆ ಹೇಳಿದನೋ ಇಲ್ಲವೋ, ನನಗೆ ಗೊತ್ತಿಲ್ಲ.