ಗಾಡಿಯ ಕೀ, ದೋಣಿಯ ಬಿರಡೆ

“ಚಿಕ್ಕ ಎಂಜಿನ್ನೇ ಸಾಕು,” ಅಂದ ಅಪ್ಪ, ಶೋರೂಮಿನವನು ಬಾಯಿ ತೆರೆಯುವ ಮೊದಲೇ.

“ನಿನ್ನ ಕೇಳಿದ್ಯಾರು? ಹೊಸ ಗಾಡಿ ಓಡ್ಸೋಳು ನಾನು,” ಅಂದಳು ಮಗಳು.

ಶೋರೂಮಿನವನು ಗಂಟಲು ಸರಿಮಾಡಿಕೊಂಡು ತನ್ನ ಪಾಠ ಒಪ್ಪಿಸಿದ. ಪಿಕಪ್ ಒಂದೇ, ಡೀಸೆಲ್ ಎಂಜಿನ್ ಎರಡು ಬಗೆ. ಚಿಕ್ಕದು ಎರಡು ಟನ್ ಎಳೆಯುತ್ತದೆ, ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುತ್ತದೆ. ದೊಡ್ಡದಕ್ಕೆ ಮೂರೂವರೆ ಟನ್ನೂ ಲೆಕ್ಕಕ್ಕಿಲ್ಲ, ಆದರೆ ಲೀಟರಿಗೆ ಎಂಟರ ಮೇಲೆ ಒಂದು ಹೆಜ್ಜೆ ಇಡುವುದಿಲ್ಲ. “ನಿಮ್ಮ ಲೋಡ್ ಎಷ್ಟು ಮೇಡಂ?”

ಲೋಡು ಗೇಟಿನ ಹೊರಗೇ ನಿಂತಿತ್ತು. ಹನ್ನೆರಡು ಮಂದಿ ಕೂರುವ ಫೈಬರ್ ದೋಣಿ, ಟ್ರೈಲರ್ ಸಮೇತ ಒಂದೂವರೆ ಟನ್. ಟ್ರ್ಯಾಕ್ಟರಿನವನೊಬ್ಬನಿಗೆ ದಮ್ಮಯ್ಯ ಗುಡ್ಡೆ ಹಾಕಿ ಅಲ್ಲಿಯವರೆಗೆ ಎಳೆಸಿಕೊಂಡು ಬಂದಿದ್ದಳು. ಎಳೆಸಿ ನೋಡದೆ ಎಂಜಿನ್ ಕೊಳ್ಳುವ ಪೈಕಿಯಲ್ಲ ಅವಳು. ರಜೆಯ ದಿನ ಯಾವ ಕೆರೆಗೆ ಜನ ಸೇರುತ್ತಾರೋ ಅಲ್ಲಿಗೆ ದೋಣಿ ಒಯ್ದು ಸವಾರಿ ಕೊಡುವುದು ಅಪ್ಪ-ಮಗಳ ಕಸುಬು. ಹೋದ ತಿಂಗಳು ಕೆರೆಯ ದಂಡೆ ಹತ್ತಿಸುವಾಗ ಹಳೇ ಗಾಡಿಯ ಕ್ಲಚ್ ಸುಟ್ಟು ಹೊಗೆಯೆದ್ದಿತ್ತು. ಓಡಿಸುತ್ತಿದ್ದವನು ಅಪ್ಪ. “ಯಾಕೋ ಈಚೆಗೆ ಭಾರ ಆಗ್ತಿದೆ ಕಣೆ” ಎಂದು ಅವನು ಆರು ತಿಂಗಳಿಂದ ಬಡಕೊಳ್ಳುತ್ತಿದ್ದ. “ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ! ನಿನ್ನ ಕಾಲು ಕ್ಲಚ್ ಬಿಟ್ಟು ಏಳಲ್ಲ, ಅಷ್ಟೇ,” ಎಂದು ಮಗಳು ಅವತ್ತು ಗಿರಾಕಿಗಳ ಎದುರೇ ಹಂಗಿಸಿ ಕೀ ಕಸಿದುಕೊಂಡಿದ್ದಳು. ಮೂವತ್ತು ವರ್ಷ ಒಂದು ಗೀರು ಬೀಳದಂತೆ ಗಾಡಿ ಓಡಿಸಿದ ಮನುಷ್ಯ. ಆ ಮಾತು ಅವನಿಗೆ ಇನ್ನೂ ಚುಚ್ಚುತ್ತಿತ್ತು. ಸ್ಟಿಯರಿಂಗ್ ಮತ್ತೆ ಕೈಗೆ ಬರುತ್ತದೋ ಇಲ್ಲವೋ ಅನ್ನುವುದೊಂದೇ ಅವನ ಚಿಂತೆ.

ಚಿಕ್ಕ ಎಂಜಿನ್ನಿನ ಡೆಮೋ ಗಾಡಿಗೆ ದೋಣಿ ಸಿಕ್ಕಿಸಿದರು. ಮಗಳು ಸ್ಟಿಯರಿಂಗ್ ಹಿಡಿದಳು, ಅಪ್ಪ ಪಕ್ಕದಲ್ಲಿ ಕೈ ಕಟ್ಟಿ ಕೂತ. ಶೋರೂಮಿನ ಹಿಂದಿನ ರಸ್ತೆ ಒಳ್ಳೇ ಏರು. ಅರ್ಧ ಹತ್ತುವಷ್ಟರಲ್ಲಿ ಗಾಡಿ ಏದುಸಿರು ಬಿಡತೊಡಗಿತು. ಅವಳು ಬ್ರೇಕ್ ತುಳಿದಳು.

“ನೋಡಿದ್ಯಾ? ಇದರ ಕೈಲಿ ಆಗೋದಲ್ಲ. ದೊಡ್ಡದೇ ತಗೊಳ್ಳೋದು. ಡೀಸೆಲ್ ಕುಡಿದ್ರೆ ಕುಡೀಲಿ.”

“ಸುಮ್ನಿರು,” ಅಂದ ಅಪ್ಪ. ಅವನ ಕಿವಿ ನೆಟ್ಟಗಾಗಿತ್ತು. “ಇನ್ನೊಂದು ಸಲ ಬಿಟ್ಟು ಬ್ರೇಕ್ ಹಾಕು.”

ಹಾಕಿದಳು. ಗಾಡಿ ನಿಂತು ಒಂದು ಗಳಿಗೆಯಾದ ಮೇಲೆ ಹಿಂದಿನಿಂದ ಜಗ್ಗಿದ ಹಾಗಾಯಿತು. ಆಮೇಲೆ ಇನ್ನೊಂದು, ಸಣ್ಣದು. ಹಳೇ ಗಾಡಿಯ ಗಡಗಡದಲ್ಲಿ ಇದು ಎಂದೂ ತಿಳಿದಿರಲಿಲ್ಲ. ಈ ಗಾಡಿ ಬೆಕ್ಕಿನಂತೆ ಮೆತ್ತಗೆ.

“ಗಟ್ಟಿ ಲೋಡು ಒಂದೇ ಸಲ ಜಗ್ಗುತ್ತೆ. ಹೀಗೆ ಹಿಂದುಮುಂದು ತೂಗಾಡೋದು ನೀರು. ಬಿರಡೆ ಎಲ್ಲಿ?”

ಅವಳ ಮುಖದ ಬಣ್ಣ ಇಳಿಯಿತು. ದೋಣಿಯ ಹಿಂಬದಿಯ ತಳದಲ್ಲಿ ನೀರು ಬಸಿಯಲು ಒಂದು ತೂತು, ಅದಕ್ಕೊಂದು ಹಿತ್ತಾಳೆ ಬಿರಡೆ. ದೋಣಿ ನೆಲದ ಮೇಲಿದ್ದರೆ ಬಿರಡೆ ಗಾಡಿಯ ಕೀಗೊಂಚಲಿನಲ್ಲಿ ನೇತಾಡಬೇಕು, ಕೆರೆಗೆ ಇಳಿಸುವಾಗ ಮಾತ್ರ ತೂತಿಗೆ ಹೋಗಬೇಕು. ಇದು ಅಪ್ಪನ ಕಟ್ಟುನಿಟ್ಟು. ಒಮ್ಮೆ ಅವಳು ಬಿರಡೆ ಮರೆತು ದೋಣಿ ಇಳಿಸಿ, ಕೂತ ಮಕ್ಕಳ ಕಾಲಿಗೆ ನೀರು ಬಂದು ರಂಪವಾಗಿತ್ತು. “ಇನ್ಮೇಲೆ ಬಿರಡೆ ನನ್ನ ಜವಾಬ್ದಾರಿ” ಎಂದು ಗೊಂಚಲಿನಿಂದ ಬಿಚ್ಚಿಕೊಂಡು ತೂತಿಗೆ ತಿರುಗಿಸಿದವಳು ಮತ್ತೆ ತೆಗೆಯಲೇ ಇಲ್ಲ. ದಿನಾ ಸಂಜೆ ಪೈಪು ಹಿಡಿದು ದೋಣಿ ತೊಳೆಯುತ್ತಿದ್ದಳು. ನೆಲಹಲಗೆಯಡಿ ಇಳಿದ ಆ ನೀರೆಲ್ಲ ಎಲ್ಲಿಗೆ ಹೋಯಿತು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

“ದೋಣೀಲೇ ಇದೆ ಅಪ್ಪ,” ಅಂದಳು ಮೆಲ್ಲಗೆ.

“ಯಾವಾಗಿಂದ?”

“ಆರು ತಿಂಗಳಾಯ್ತು.”

ಅಪ್ಪ ಇಳಿದ. ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಹೋಗಿ ಬಗ್ಗಿ ಬಿರಡೆ ತಿರುಗಿಸಿದ. ಪಾಚಿ ನಾರುವ ನೀರು ಭುಸ್ಸೆಂದು ಚಿಮ್ಮಿ ಇಳಿಜಾರಿನಲ್ಲಿ ಹರಿಯಿತು. ಕೆಳಗೆ ನಿಂತಿದ್ದ ಶೋರೂಮಿನವನು “ಅಯ್ಯಯ್ಯೋ, ನನ್ನ ಬೂಟು!” ಎಂದು ಎಗರಿದ. ಕಾಲು ಗಂಟೆ ಕಳೆದರೂ ಅದು ಸುರಿಯುತ್ತಲೇ ಇತ್ತು.

“ಮುಕ್ಕಾಲು ಟನ್ ಆದ್ರೂ ಇತ್ತು ಯಜಮಾನ್ರೇ!” ಅಂದ ಅವನು, ಬೂಟು ಕೊಡವುತ್ತಾ. “ಇಷ್ಟು ನೀರು ಹೊತ್ಕೊಂಡು ಯಾವ ಎಂಜಿನ್ ಮೈಲೇಜ್ ಕೊಡುತ್ತೆ ಹೇಳಿ?”

ಮಗಳು ಸ್ಟಿಯರಿಂಗ್ ಮೇಲೆ ಹಣೆ ಊರಿದ್ದಳು. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಗಿರಾಕಿಗಳ ಎದುರು ತಾನು ಆಡಿದ್ದು ಒಂದೊಂದೂ ನೆನಪಾಗಿ, ನಾಲಿಗೆ ಬಿದ್ದುಹೋಗಬಾರದಿತ್ತೇ ಅನ್ನಿಸಿತು. ನೀರೆಲ್ಲ ಬಸಿದು, ಅಪ್ಪ ಕಲ್ಲು ತೆಗೆದು ಬಂದು ಕೂತ ಮೇಲೆ ಗಾಡಿ ಹೊರಡಿಸಿದಳು. ಅದೇ ಚಿಕ್ಕ ಎಂಜಿನ್ ಒಂದು ಸಲವೂ ತಿಣುಕದೆ ಏರು ಮುಗಿಸಿ ನಿಂತಿತು.

“ಇದೇ ಬುಕ್ ಮಾಡ್ರಿ!” ಎಂದು ಕಿಟಕಿಯಿಂದ ಕೆಳಕ್ಕೆ ಕೂಗಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು, ಕಣ್ಣು ಕೊಡದೆ. “ತಪ್ಪಾಯ್ತು ಅಪ್ಪ. ಹೊಸ ಕೀ ಬಂದಾಗ ಬಿರಡೆ ನೀನೇ ಕಟ್ಟು.”

ಅಪ್ಪ ಒದ್ದೆ ಬಿರಡೆಯನ್ನು ಅಂಗಿಗೆ ಒರೆಸಿ ಜೇಬಿಗಿಟ್ಟ.

“ಕಟ್ತೀನಿ ಬಿಡು. ಮೊದ್ಲು ನೀನು ಈ ಕಡೆ ಬಾ. ಇಳಿಸ್ಕೊಂಡು ಹೋಗೋನು ನಾನು.”